ಸಬ್ಬಕ್ಕಿಯ ನಡುವೆ ಸಾಸಿವೆ

ವೃಷಣದ ಕ್ಯಾನ್ಸರ್‌ಗಳಲ್ಲಿ ಸೆಮಿನೋಮಾ ಎಂಬುದೊಂದು ಬಗೆ. ಆ ಗಡ್ಡೆಯ ತೆಳು ಪದರಕ್ಕೆ ಬಣ್ಣ ಹಚ್ಚಿ ಸೂಕ್ಷ್ಮದರ್ಶಕದಲ್ಲಿ ನೋಡಿದರೆ, ಸಬ್ಬಕ್ಕಿ ಪಾಯಸಕ್ಕೆ ಯಾರೋ ಸಾಸಿವೆ ಚೆಲ್ಲಿದಂತೆ ಕಾಣುತ್ತದೆ. ದುಂಡಗೆ, ತಿಳಿಯಾಗಿ, ನಟ್ಟನಡುವೆ ಕೋಶಕೇಂದ್ರ ಹೊತ್ತಿರುವ ಸಬ್ಬಕ್ಕಿಗಳು ಕ್ಯಾನ್ಸರ್ ಕೋಶಗಳು. ಅವುಗಳ ಸಂದಿಯಲ್ಲಿ ಗುಂಪುಗೂಡಿದ ಕಡುನೀಲಿ ಸಾಸಿವೆಗಳು ಲಿಂಫೋಸೈಟ್‌ಗಳು, ಅಂದರೆ ರೋಗನಿರೋಧಕ ಬಿಳಿ ರಕ್ತಕಣಗಳು. ಅವುಗಳಲ್ಲಿ ಹೆಚ್ಚಿನವು ಟಿ ಕೋಶಗಳು. ಕೆಲವೊಮ್ಮೆ ಕ್ಷಯರೋಗದಲ್ಲಿ ಕಾಣುವಂಥ ಗ್ರ್ಯಾನುಲೋಮಾ ಗಂಟುಗಳೂ ಸಿಗುತ್ತವೆ.

ಇಷ್ಟೊಂದು ಕಾವಲುಗಾರರು ಅಲ್ಲಿ ಸೇರಿರುವುದೇ ಸೋಜಿಗ. ಏಕೆಂದರೆ ವೃಷಣ ಅವರನ್ನು ಹೊಸ್ತಿಲಾಚೆಗೇ ನಿಲ್ಲಿಸುವ ಜಾಗ. ನಮ್ಮವರು ಯಾರು, ಹೊರಗಿನವರು ಯಾರು ಎಂಬ ಪಾಠವನ್ನು ರೋಗನಿರೋಧಕ ವ್ಯವಸ್ಥೆ ಎಳವೆಯಲ್ಲೇ ಕಲಿತುಬಿಡುತ್ತದೆ. ವೀರ್ಯಾಣುಗಳು ಹುಟ್ಟುವುದು ಹರೆಯ ಬಂದ ಮೇಲೆ. ಅದರ ಕಣ್ಣಿಗೆ ಅವು ಅಪರಿಚಿತರು. ಹಾಗಾಗಿ ವೀರ್ಯಾಣುಗಳನ್ನು ಪೋಷಿಸುವ ಸರ್ಟೋಲಿ ಕೋಶಗಳು ಒತ್ತೊತ್ತಾಗಿ ಗೋಡೆ ಕಟ್ಟಿ ಅವುಗಳನ್ನು ಕಾಪಾಡುತ್ತವೆ. ಗೋಡೆಯ ಹೊರಗಿರುವ ಮ್ಯಾಕ್ರೊಫೇಜ್‌ಗಳೂ (ಕ್ರಿಮಿಗಳನ್ನು ನುಂಗುವ ರೋಗನಿರೋಧಕ ಕೋಶಗಳು) ಗದ್ದಲ ಎಬ್ಬಿಸುವುದಕ್ಕಿಂತ ತಣಿಸುವ ಸ್ವಭಾವದವು. ಭ್ರೂಣದ ಹಂತದಲ್ಲೇ ಬೆಳವಣಿಗೆ ನಿಂತ ಜನನಕೋಶಗಳು, ಅಂದರೆ ಮುಂದೆ ವೀರ್ಯಾಣುಗಳಿಗೆ ಮೂಲವಾಗಬೇಕಿದ್ದ ಕೋಶಗಳು, ಈ ಮರೆಯಲ್ಲೇ ವರ್ಷಗಟ್ಟಲೆ ಅಡಗಿದ್ದು, ಯೌವನದಲ್ಲಿ ಗಡ್ಡೆಯಾಗುತ್ತವೆ.

ಕೊನೆಗೂ ಒಳನುಗ್ಗಿದ ಟಿ ಕೋಶಗಳು ಕಾದಾಡುತ್ತವೆಯೇ? ಗುಂಪು ನೋಡಿ ಯುದ್ಧ ಎಂದುಕೊಳ್ಳುವುದು ಆತುರ ಎಂದೇ ನನ್ನ ಎಣಿಕೆ. ಕ್ಯಾನ್ಸರ್ ಕೋಶದ ಮೈಮೇಲೆ ಪಿಡಿ-ಎಲ್1 ಎಂಬ ಪ್ರೋಟೀನ್ ಇದ್ದರೆ ಅದು ಟಿ ಕೋಶಕ್ಕೆ ‘ಸುಮ್ಮನಿರು’ ಎಂಬ ಸನ್ನೆ; ಸೆಮಿನೋಮಾದಲ್ಲಿ ಇದು ಅಪರೂಪವೇನಲ್ಲ. ಸನ್ನೆಯನ್ನು ತಡೆದರೆ ಸಾಕಲ್ಲವೇ? ಅಮೆರಿಕದಲ್ಲಿ, ಕಿಮೋಥೆರಪಿಗೂ ಬಗ್ಗದ ಜನನಕೋಶ ಕ್ಯಾನ್ಸರ್ ಇದ್ದ 12 ಗಂಡಸರಿಗೆ ಈ ಸನ್ನೆಯನ್ನು ತಡೆಯುವ ಪೆಂಬ್ರೊಲಿಜುಮ್ಯಾಬ್ ಎಂಬ ಔಷಧಿ ಕೊಟ್ಟು ನೋಡಿದರು. 2018ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ ಒಬ್ಬರಲ್ಲೂ ಗಡ್ಡೆ ಗಣನೀಯವಾಗಿ ಕುಗ್ಗಿರಲಿಲ್ಲ. ಈ ಕ್ಯಾನ್ಸರ್‌ನಲ್ಲಿ ಹೆಚ್ಚಿನವರ ಕೈಹಿಡಿಯುವುದು ಇಂದಿಗೂ 1974ರಲ್ಲಿ ಅಮೆರಿಕದ ಇಂಡಿಯಾನಾದ ವೈದ್ಯ ಲಾರೆನ್ಸ್ ಐನ್‌ಹಾರ್ನ್ ಬಳಸಿ ನೋಡಿದ ಸಿಸ್‌ಪ್ಲಾಟಿನ್ ಎಂಬ ಕಿಮೋಥೆರಪಿ ಔಷಧಿ. ವೃಷಣದ ಬದಲು ಎದೆಯಲ್ಲಿ ಸೆಮಿನೋಮಾ ಬೆಳೆದಿದ್ದ ಕ್ರಿಕೆಟಿಗ ಯುವರಾಜ್ ಸಿಂಗ್ 2012ರಲ್ಲಿ ಚಿಕಿತ್ಸೆಗೆ ಹೋದದ್ದೂ ಅದೇ ವೈದ್ಯರ ಬಳಿಗೆ.

ಹಾಗೆಂದು ಟಿ ಕೋಶಗಳು ಕೈಲಾಗದವಲ್ಲ. ಅಪರೂಪಕ್ಕೊಮ್ಮೆ ಹೊಟ್ಟೆಯ ಹಿಂಭಾಗದ ದುಗ್ಧಗ್ರಂಥಿಗಳಲ್ಲಿ ಗಡ್ಡೆ ಸಿಗುತ್ತದೆ. ಅದು ಹೊರಟ ವೃಷಣದಲ್ಲಿ ಹುಡುಕಿದರೆ ಗಾಯ ಒಣಗಿದಂಥ ಕಲೆಯಷ್ಟೇ ಇರುತ್ತದೆ. ತವರಿನ ಗಡ್ಡೆಯನ್ನು ರೋಗನಿರೋಧಕ ಕೋಶಗಳೇ ಮುಗಿಸಿರಬೇಕು ಎಂದು ಅನೇಕ ತಜ್ಞರು ಊಹಿಸುತ್ತಾರೆ. ಅಷ್ಟರಲ್ಲಿ ಕೆಲವು ಕ್ಯಾನ್ಸರ್ ಕೋಶಗಳು ಊರು ಬಿಟ್ಟಾಗಿರುತ್ತದೆ.