ಕಹಿ ಕುಡಿದರೆ ಸಕ್ಕರೆ ಇಳಿಯುತ್ತದೆಯೇ?

"ಡಾಕ್ಟ್ರೇ, ದಿನಾ ಬೆಳಿಗ್ಗೆ ಖಾಲಿ ಹೊಟ್ಟೇಲಿ ಹಾಗಲಕಾಯಿ ರಸ ಕುಡೀತಿದ್ದೀನಿ. ಇನ್ನು ಮಾತ್ರೆ ಬಿಡಬಹುದಾ?" ಸಕ್ಕರೆ ಕಾಯಿಲೆ ನೋಡುವ ಯಾವ ವೈದ್ಯರಿಗೂ ಈ ಪ್ರಶ್ನೆ ಹೊಸದಲ್ಲ. ಸಿಹಿಯ ಕಾಯಿಲೆಗೆ ಕಹಿಯೇ ಮದ್ದು ಎಂಬ ಲೆಕ್ಕ ಕೇಳಲು ಸೊಗಸು. ಆದರೆ ದೇಹ ಆ ಲೆಕ್ಕ ಒಪ್ಪುವುದಿಲ್ಲ.

ತಮ್ಮನ್ನು ತಿನ್ನಲು ಬರುವ ಪ್ರಾಣಿ, ಹುಳುಗಳನ್ನು ದೂರವಿಡಲು ಗಿಡಗಳು ನೂರಾರು ರಾಸಾಯನಿಕಗಳನ್ನು ತಯಾರಿಸುತ್ತವೆ. ಒಂದಕ್ಕೊಂದು ಸಂಬಂಧವಿಲ್ಲದಿದ್ದರೂ ಇವುಗಳಲ್ಲಿ ಬಹಳಷ್ಟು ನಮ್ಮ ನಾಲಿಗೆಗೆ ಕಹಿಯೇ. ಹಾಗಾಗಿ ಕೇಳಬೇಕಾದದ್ದು ಯಾವ ಗಿಡ, ಯಾವ ಅಂಶ, ಎಷ್ಟು ಪ್ರಮಾಣ ಎಂದು.

ಹಾಗಲದಲ್ಲಿ ಚರಾಂಟಿನ್ ಮುಂತಾದ ಅಂಶಗಳಿವೆ. ಪ್ರಯೋಗಾಲಯದ ಇಲಿಗಳಲ್ಲಿ ಇವು ಸ್ನಾಯುಗಳು ಗ್ಲೂಕೋಸ್ ಹೀರಿಕೊಳ್ಳುವುದನ್ನು ಹೆಚ್ಚಿಸಿದ್ದು ನಿಜ. "ಹಾಗಲದಲ್ಲೇ ಇನ್ಸುಲಿನ್ ಇದೆಯಂತೆ" ಎನ್ನುವ ಮಾತಿಗೂ ಒಂದು ಮೂಲವಿದೆ. ಇನ್ಸುಲಿನ್‌ನಂತೆ ವರ್ತಿಸುವ ಒಂದು ಪ್ರೋಟೀನು ಅದರಲ್ಲಿದೆ. ಆದರೆ ಬಾಯಿಂದ ಹೋದ ಪ್ರೋಟೀನು ಬೇಳೆಯ ಹಾಗೆ ಹೊಟ್ಟೆಯಲ್ಲಿ ಜೀರ್ಣವಾಗುತ್ತದೆ. ಇನ್ಸುಲಿನ್ನನ್ನು ಚುಚ್ಚಿಯೇ ಕೊಡುವುದು ಅದಕ್ಕೇ ಅಲ್ಲವೇ?

ಮನುಷ್ಯರ ಮೇಲಿನ ಫಲಿತಾಂಶ ಅಷ್ಟೇನೂ ಗಟ್ಟಿಯಿಲ್ಲ. 2007ರಲ್ಲಿ ಪ್ರಕಟವಾದ ಫಿಲಿಪ್ಪೀನ್ಸ್‌ನ ಅಧ್ಯಯನದಲ್ಲಿ 40 ಜನರಲ್ಲಿ ಅರ್ಧದಷ್ಟು ಮಂದಿಗೆ ಮೂರು ತಿಂಗಳು ಹಾಗಲದ ಕ್ಯಾಪ್ಸೂಲ್ ಕೊಟ್ಟರು. ಎಚ್‌ಬಿಎ1ಸಿ, ಅಂದರೆ ಎರಡು-ಮೂರು ತಿಂಗಳ ಸಕ್ಕರೆಯ ಸರಾಸರಿ ತೋರಿಸುವ ರಕ್ತಪರೀಕ್ಷೆಯ ಅಂಕಿ, ಗಮನಾರ್ಹವಾಗಿ ಇಳಿಯಲಿಲ್ಲ. 2011ರಲ್ಲಿ ಥಾಯ್ಲೆಂಡ್‌ನವರು ದಿನಕ್ಕೆ 2 ಗ್ರಾಂ ಒಣಪುಡಿಯನ್ನು ನಾಲ್ಕು ವಾರ ಕೊಟ್ಟಾಗ ಸಕ್ಕರೆ ಸ್ವಲ್ಪ ಇಳಿಯಿತು, ಆದರೆ ಸಕ್ಕರೆ ಕಾಯಿಲೆಗೆ ಸಾಮಾನ್ಯವಾಗಿ ಕೊಡುವ ಮೆಟ್‌ಫಾರ್ಮಿನ್ ಮಾತ್ರೆಯ 1 ಗ್ರಾಂನಷ್ಟು ಅಲ್ಲ. ಆ ಮೆಟ್‌ಫಾರ್ಮಿನ್ ಕೂಡ ಗಿಡದ ವಂಶದ್ದೇ! ಯುರೋಪಿನ ಗಲೇಗಾ ಎಂಬ ಗಿಡದ ವಿಷಕಾರಿ ಅಂಶದ ಜಾಡು ಹಿಡಿದು, ವಿಷ ಕಳೆದು, ಪ್ರಮಾಣ ಗೊತ್ತುಮಾಡಿ ಅದನ್ನು ಮಾತ್ರೆಯಾಗಿಸಲಾಗಿದೆ. ಗಿಡಮೂಲಿಕೆಯೇ ಬೇಕು ಎನ್ನುವವರಿಗೆ ನಾನು ಇದನ್ನು ಹೇಳುತ್ತೇನೆ. ನಕ್ಕು ಮಾತ್ರೆ ತೆಗೆದುಕೊಳ್ಳುವವರೂ ಇದ್ದಾರೆ.

ಮೆಂತ್ಯದ ಕಥೆ ಬೇರೆ. ಅದರ ಗುಣ ಹೆಚ್ಚಾಗಿ ಇರುವುದು ನೆನೆಸಿದಾಗ ಲೋಳೆಯಾಗುವ ನಾರಿನಲ್ಲಿ. ಅನ್ನದ ಸಕ್ಕರೆ ರಕ್ತಕ್ಕೆ ಸೇರುವ ವೇಗವನ್ನು ಆ ನಾರು ತಗ್ಗಿಸುತ್ತದೆ. ಮೆಂತ್ಯ ನೆನೆಸಿದ ನೀರು ಕುಡಿದು ಕಾಳು ಚೆಲ್ಲುವವರು ಮದ್ದನ್ನೇ ಚೆಲ್ಲುತ್ತಿದ್ದಾರೆ.

ತೂಕದ ವಿಚಾರ. ಕಹಿಯನ್ನು ಗುರುತಿಸುವ ಗ್ರಾಹಕಗಳು ಕರುಳಿನಲ್ಲೂ ಇವೆ. ಅವು ಕೆರಳಿದರೆ ಹಸಿವು ತಗ್ಗಿಸುವ ಹಾರ್ಮೋನುಗಳು ಹೊರಬರಬಹುದು ಎಂಬ ಸುಳಿವು ಸಣ್ಣ ಪ್ರಯೋಗಗಳಲ್ಲಿ ಸಿಕ್ಕಿದೆ. ಅದರಿಂದ ಕೆಜಿಗಟ್ಟಲೆ ಕರಗುತ್ತದೆ ಎನ್ನುವುದು ಜಾಹೀರಾತಿನ ಮಾತು. 100 ಗ್ರಾಂ ಹಸಿ ಹಾಗಲದಲ್ಲಿ ಇಪ್ಪತ್ತು ಕ್ಯಾಲೊರಿಯೂ ಇಲ್ಲ, ತಟ್ಟೆಯಲ್ಲಿ ಅನ್ನದ ಜಾಗವನ್ನು ಅದರ ಪಲ್ಯ ಹಿಡಿದರೆ ಲಾಭವೇ. ಆದರೆ ಕಹಿ ಮುಚ್ಚಲು ಗೊಜ್ಜಿಗೆ ಅಚ್ಚು ಬೆಲ್ಲ, ಹೋಳು ಹುರಿಯಲು ಸೌಟುಗಟ್ಟಲೆ ಎಣ್ಣೆ ಹಾಕುವ ನಮ್ಮ ಕೈಗುಣ ಆ ಲಾಭವನ್ನು ನುಂಗಿಬಿಡುತ್ತದೆ.

ಊಟದ ಪಲ್ಯಕ್ಕೆ ನನ್ನ ತಕರಾರಿಲ್ಲ. ರಸಕ್ಕಿದೆ, ಅದರಲ್ಲೂ ಸಕ್ಕರೆ ಇಳಿಸುವ ಗ್ಲಿಮಿಪಿರೈಡ್‌ನಂಥ ಮಾತ್ರೆ ಅಥವಾ ಇನ್ಸುಲಿನ್ ಪಡೆಯುವವರು ಖಾಲಿ ಹೊಟ್ಟೆಗೆ ಕುಡಿಯುವ ರಸಕ್ಕೆ. ಬೆವರು, ನಡುಕ, ಕಣ್ಣು ಕತ್ತಲೆ ಬಂದರೆ ಸಕ್ಕರೆ ತೀರಾ ಕುಸಿದಿದೆ ಎಂದೇ ತಿಳಿದು ಕೂಡಲೇ ಸಕ್ಕರೆ ನೀರು ಕುಡಿಯಬೇಕು. ಬಸುರಿಯರಿಗೆ ಈ ರಸ ಬೇಡವೇ ಬೇಡ.

ಇನ್ನು ಸೋರೆಕಾಯಿ. ಅದು ಕಹಿಯಾಗಿದ್ದರೆ "ಇನ್ನೂ ಒಳ್ಳೆಯದು" ಎಂದು ಮೂಗು ಮುಚ್ಚಿ ಕುಡಿಯುವವರಿದ್ದಾರೆ. ಕುಕುರ್ಬಿಟಾಸಿನ್ ಎಂಬ ವಿಷ ಹೆಚ್ಚಾದಾಗ ಸೋರೆ ಕಹಿಯಾಗುತ್ತದೆ. ನಮ್ಮ ದೇಶದಲ್ಲಿ ಇಂಥ ರಸ ಕುಡಿದವರು ಸತ್ತದ್ದೂ ಇದೆ. ಹೆಚ್ಚುವ ಮುನ್ನ ತುಣುಕೊಂದನ್ನು ನಾಲಿಗೆಗೆ ಮುಟ್ಟಿಸಿ ನೋಡಿ, ಕಹಿಯಿದ್ದರೆ ಉಗಿದು ಇಡೀ ಕಾಯಿ ಎಸೆಯಿರಿ. ಗೊತ್ತಿಲ್ಲದೆ ಕುಡಿದು ವಾಂತಿ, ಭೇದಿ ಶುರುವಾದರೆ ಮನೆಮದ್ದು ಹುಡುಕದೆ ಆಸ್ಪತ್ರೆಗೆ ಹೊರಡಿ. ಇದಕ್ಕೆ ಪ್ರತಿವಿಷವಿಲ್ಲ, ಬೇಗ ಡ್ರಿಪ್ ಹಾಕಿ ರಕ್ತದೊತ್ತಡ ಬೀಳದಂತೆ ನೋಡಿಕೊಳ್ಳುವುದೇ ಚಿಕಿತ್ಸೆ.