ಅರವತ್ತು ಮೂಟೆ ಚೆರ್ರಿ ಮತ್ತು ಲಂಡನ್ ರೇಟು

2025ರ ಫೆಬ್ರವರಿಯಲ್ಲಿ ಸಕಲೇಶಪುರದಿಂದ ದೊಡ್ಡಪ್ಪ ಫೋನ್ ಮಾಡಿದರು. ಕೊಯ್ಲು ಮುಗಿದಿತ್ತು, ಕಣದಲ್ಲಿ ಒಣಗಿಸಿದ್ದೂ ಆಗಿತ್ತು, ಅರವತ್ತು ಮೂಟೆ ರೋಬಸ್ಟಾ ಜಾತಿಯ ಕಾಫಿ ಚೆರ್ರಿ ಗೋಡೌನಿನಲ್ಲಿ ಕೂತಿತ್ತು. "ಅಲ್ಲ ಕಣೋ, ನೀನು ಬೆಂಗಳೂರಲ್ಲಿ ಕೂತ್ಕೊಂಡು ಕಾಫಿ ರೇಟಿಂದೇ ಲೆಕ್ಕ ಹಾಕ್ತೀಯಂತೆ. ಈಗ ಮಾರ್ಲೋ, ಇಟ್ಕೊಳ್ಲೋ? ಅಷ್ಟು ಹೇಳು ಸಾಕು."

ಹದಿನಾಲ್ಕು ವರ್ಷದಿಂದ ನನ್ನ ಕೆಲಸ ಇದೇ. ಕಾಫಿ, ಮೆಣಸು, ಒಮ್ಮೊಮ್ಮೆ ಲಸಿಕೆ, ಹೀಗೆ ಬೇರೆ ಬೇರೆ ಸರಕಿನ ಬೆಲೆಗೆ ಮಾಡೆಲ್ ಕಟ್ಟುವುದು. ಆದರೂ ಆ ಪ್ರಶ್ನೆಗೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಯಾಕೆ ಇರಲಿಲ್ಲ ಅಂತ ಹೇಳೋಕೆ ಸ್ವಲ್ಪ ಹಿಂದಿನಿಂದ ಶುರು ಮಾಡಬೇಕು.

ಮಾಡೆಲ್ ಅಂದ್ರೆ ಜನ ಏನೋ ಭವಿಷ್ಯ ಹೇಳುವ ಯಂತ್ರ ಅಂದುಕೊಳ್ಳುತ್ತಾರೆ. ಅದರ ಬುಡದಲ್ಲಿ ಇರುವುದು ಕಿರಾಣಿ ಅಂಗಡಿಯ ಲೆಕ್ಕ. ವರ್ಷದ ಮೊದಲಿಗೆ ಜಗತ್ತಿನಲ್ಲಿ ಎಷ್ಟು ಕಾಫಿ ದಾಸ್ತಾನಿತ್ತು, ಎಷ್ಟು ಬೆಳೆ ಬಂತು, ಎಷ್ಟು ಕುಡಿದರು, ಕೊನೆಗೆ ಎಷ್ಟು ಉಳಿಯಿತು. ಉಳಿದಿದ್ದು ಕಮ್ಮಿಯಾದಷ್ಟೂ ಬೆಲೆ ಕುಣಿಯುತ್ತದೆ. ಎಷ್ಟು ಕುಣಿಯುತ್ತದೆ ಅನ್ನುವುದಕ್ಕೆ ಒಂದು ಪುಟ್ಟ ಲೆಕ್ಕ ಹಾಕೋಣ. ಕಾಫಿ ಕುಡಿಯುವವರು ರೇಟು ಏರಿತು ಅಂತ ಸುಲಭಕ್ಕೆ ಬಿಡುವವರಲ್ಲ. ಬೆಲೆ ಶೇ. 10 ಏರಿದರೆ ಬಳಕೆ ಬರೀ ಶೇ. 2.5 ಇಳಿಯುತ್ತದೆ ಅಂತ ಇಟ್ಟುಕೊಳ್ಳಿ. ಈಗ ಬೆಳೆ ಶೇ. 5 ಕಮ್ಮಿ ಆಯಿತು, ಗೋಡೌನಿನಲ್ಲಿ ಏನೂ ಇಲ್ಲ. ಇರುವುದರಲ್ಲೇ ಸರಿತೂಗಬೇಕಾದರೆ ಬಳಕೆಯೂ ಶೇ. 5 ಇಳಿಯಲೇಬೇಕು, ಅಷ್ಟು ಇಳಿಯಬೇಕು ಅಂದ್ರೆ ಬೆಲೆ ಶೇ. 20 ಏರಬೇಕು. ಅದೇ ಕೊರತೆಯ ಅರ್ಧವನ್ನು ಹಳೆ ದಾಸ್ತಾನು ತುಂಬಿಕೊಟ್ಟರೆ ಏರಿಕೆ ಶೇ. 10ಕ್ಕೆ ನಿಲ್ಲುತ್ತದೆ. ಸಣ್ಣ ಕೊರತೆಗೆ ದೊಡ್ಡ ಗದ್ದಲ ಆಗುವುದು ಹೀಗೆ.

ಅದಕ್ಕೇ ನಾವೆಲ್ಲ ಬ್ರೆಜಿಲ್ ಕಡೆ ಕಣ್ಣಿಟ್ಟು ಕೂರುತ್ತೇವೆ. ಜಗತ್ತಿನ ಕಾಫಿಯಲ್ಲಿ ಮೂರನೇ ಒಂದು ಭಾಗಕ್ಕಿಂತ ಜಾಸ್ತಿ ಅಲ್ಲಿನದು. 1975ರ ಜುಲೈನಲ್ಲಿ ಅಲ್ಲಿನ ಪರಾನಾ ರಾಜ್ಯದಲ್ಲಿ ಒಂದೆರಡು ರಾತ್ರಿ ಹಿಮ ಬಿದ್ದು ತೋಟಗಳೇ ಸುಟ್ಟುಹೋದವು. 1977ರ ಏಪ್ರಿಲ್ ಹೊತ್ತಿಗೆ ನ್ಯೂಯಾರ್ಕ್‌ನಲ್ಲಿ ಪೌಂಡ್ ಕಾಫಿ 3 ಡಾಲರ್ ದಾಟಿತ್ತು. ಬೆಲೆ ನೋಡಿ ಎಲ್ಲರೂ ಗಿಡ ನೆಡುತ್ತಾರೆ. ಫಸಲು ಬರಲು ಮೂರು ನಾಲ್ಕು ವರ್ಷ ಬೇಕು, ಎಲ್ಲರ ಫಸಲೂ ಒಟ್ಟಿಗೆ ಬಂದು ಬೆಲೆ ಮಗುಚಿಕೊಳ್ಳುತ್ತದೆ. ಈ ಏರಿಳಿತಕ್ಕೆ ಅರ್ಥಶಾಸ್ತ್ರದಲ್ಲಿ ಜೇಡರ ಬಲೆ ಅನ್ನುತ್ತಾರೆ, ಹೆಸರಿಟ್ಟಿದ್ದು 1934ರಲ್ಲಿ ನಿಕೋಲಸ್ ಕಾಲ್ಡರ್. ನಮ್ಮ ಕಡೆ ಶುಂಠಿ ಹಾಕಿದವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ ಬಿಡಿ.

ಇಷ್ಟೆಲ್ಲ ಲೆಕ್ಕ ಹಾಕಿ ಬರುವುದು ಲಂಡನ್ ರೇಟು, ಅಂದ್ರೆ ಲಂಡನ್‌ನ ವಾಯಿದಾ ಮಾರುಕಟ್ಟೆಯಲ್ಲಿ ರೋಬಸ್ಟಾ ಬೀಜಕ್ಕೆ ಇರುವ ಬೆಲೆ. ದೊಡ್ಡಪ್ಪ ಫೋನ್ ಮಾಡಿದ ದಿನ ರೋಬಸ್ಟಾ ಟನ್ನಿಗೆ 5,500 ಡಾಲರ್ ಮೇಲಿತ್ತು. 5,500 ಅಂತಲೇ ಹಿಡಿಯಿರಿ, ಡಾಲರಿಗೆ 87 ರೂಪಾಯಿ. ಕೆಜಿ ಬೀಜಕ್ಕೆ ಸುಮಾರು 478 ಆಯಿತು. ಆದರೆ ದೊಡ್ಡಪ್ಪನ ಮೂಟೆಯಲ್ಲಿ ಇರುವುದು ಬೀಜ ಅಲ್ಲ, ಸಿಪ್ಪೆ ಸಮೇತ ಒಣಗಿದ ಚೆರ್ರಿ. 50 ಕೆಜಿ ಚೆರ್ರಿ ಸುಲಿದರೆ ಎಷ್ಟು ಕೆಜಿ ಬೀಜ ಸಿಗುತ್ತೋ ಅದು ಔಟ್‌ಟರ್ನ್. 26 ಬಂದರೆ ಮೂಟೆಗೆ 12,400ರ ಆಸುಪಾಸು, ಅದರಲ್ಲಿ ವ್ಯಾಪಾರಿಯ ಖರ್ಚು, ಲಾಭ ಕಳೆದು ಕೈಗೆ ಬರುವುದು. ಅದೇ ಔಟ್‌ಟರ್ನ್ 28 ಬಂದರೆ? ಮೂಟೆಗೆ 956 ರೂಪಾಯಿ ಜಾಸ್ತಿ. ಅರವತ್ತು ಮೂಟೆಗೆ 57 ಸಾವಿರದ ಮೇಲೆ. ನಾನು ಮಾಡೆಲ್‌ನ ತಪ್ಪನ್ನು ಶೇ. 5ರಿಂದ 4ಕ್ಕೆ ಇಳಿಸಲು ವಾರಗಟ್ಟಲೆ ಒದ್ದಾಡುತ್ತೇನೆ. ಹಸಿ ಕಾಯಿ ಬೆರೆಸಿ ಕೊಯ್ದರೆ ಅದಕ್ಕಿಂತ ಜಾಸ್ತಿ ಕಣದಲ್ಲೇ ಹೋಗಿರುತ್ತದೆ.

ಇನ್ನು ನನ್ನ ತಪ್ಪಿನ ವಿಷಯ. 2023ರಲ್ಲಿ ಕಾಫಿ ಕೊಳ್ಳುವ ಒಂದು ಕಂಪನಿಗೆ ರೋಬಸ್ಟಾ ಮಾಡೆಲ್ ಮಾಡಿಕೊಟ್ಟಿದ್ದೆ. ರೋಬಸ್ಟಾದಲ್ಲಿ ವಿಯೆಟ್ನಾಂ ರಾಜ. ಬೆಲೆ ಏರಿದರೆ ಅಲ್ಲಿನ ರೈತರು ದಾಸ್ತಾನು ಹೊರಗೆ ಬಿಡುತ್ತಾರೆ, ಆಗ ಏರಿಕೆ ತಣ್ಣಗಾಗುತ್ತದೆ ಅಂತ ಬರೆದಿದ್ದೆ. ಪಠ್ಯಪುಸ್ತಕದ ಮಾತು, ಯಾರೂ ತಕರಾರು ಮಾಡಲಿಲ್ಲ. ಆಗಿದ್ದು ಉಲ್ಟಾ. ಅಲ್ಲಿನ ಬಹಳಷ್ಟು ರೈತರು ಅಷ್ಟರಲ್ಲಿ ಡುರಿಯನ್ ಹಣ್ಣು, ಮೆಣಸು ಬೆಳೆದು ಕೈಯಲ್ಲಿ ನಾಲ್ಕು ಕಾಸು ಮಾಡಿಕೊಂಡಿದ್ದರು. ಕಾಫಿ ಮಾರಲೇಬೇಕು ಅನ್ನುವ ತುರ್ತು ಇರಲಿಲ್ಲ. ಬೆಲೆ ಏರಿದಷ್ಟೂ ಖರ್ಚಿಗೆ ಬೇಕಾದ ದುಡ್ಡು ಕಮ್ಮಿ ಮೂಟೆಯಲ್ಲೇ ಸಿಗುತ್ತಿತ್ತು, ಉಳಿದದ್ದನ್ನು ಹಾಗೇ ಇಟ್ಟುಕೊಂಡರು. ಬೆಲೆ ಮತ್ತೂ ಏರಿತು. ಕಂಪನಿಯವರು ನನ್ನ ಕಾಗದ ನಂಬಿ ಕೊಳ್ಳುವುದನ್ನು ಎರಡು ತಿಂಗಳು ಮುಂದೆ ಹಾಕಿದ್ದರು. ಆಮೇಲೆ ನಡೆದ ಮೀಟಿಂಗ್ ಬಗ್ಗೆ ಬರೆಯುವುದು ಬೇಡ.

ಮಳೆ, ಹಿಮ, ಕಾಂಡಕೊರಕ ಎಲ್ಲಕ್ಕೂ ನಮ್ಮಲ್ಲಿ ಅಂಕಿ ಇದೆ. ಸಿಗದಿರುವುದು ಕೊಡುವವನು, ಕೊಳ್ಳುವವನು ಆಡಿದ ಮಾತಿಗೆ ಎಷ್ಟು ದಿನ ನಿಲ್ಲುತ್ತಾನೆ ಅನ್ನುವುದಕ್ಕೆ. 2021ರಲ್ಲಿ ಕೊಲಂಬಿಯಾದಲ್ಲಿ ಎಷ್ಟೋ ರೈತರು ಮೊದಲೇ ಒಪ್ಪಿದ ಬೆಲೆಗೆ ಕಾಫಿ ಕೊಡಲಿಲ್ಲ, ಮಾರುಕಟ್ಟೆಯಲ್ಲಿ ಅದಕ್ಕಿಂತ ಎಷ್ಟೋ ಜಾಸ್ತಿ ಸಿಗುತ್ತಿತ್ತಲ್ಲ. ದೇಶಗಳೂ ಹಾಗೇ, ಸ್ವಲ್ಪ ದೊಡ್ಡ ಮಟ್ಟದಲ್ಲಿ.

ಕಾಫಿ ಬೆಲೆಯನ್ನು ಹಿಡಿದು ನಿಲ್ಲಿಸಲು ಜಗತ್ತು ಒಮ್ಮೆ ನಿಜಕ್ಕೂ ಪ್ರಯತ್ನ ಮಾಡಿತ್ತು. 1962ರಲ್ಲಿ ಅಂತರರಾಷ್ಟ್ರೀಯ ಕಾಫಿ ಒಪ್ಪಂದ ಆಯಿತು, ಮರುವರ್ಷ ಲಂಡನ್‌ನಲ್ಲಿ ಅಂತರರಾಷ್ಟ್ರೀಯ ಕಾಫಿ ಸಂಸ್ಥೆ. ಬೆಳೆಯುವ ದೇಶಗಳೂ ಸದಸ್ಯರು, ಕೊಳ್ಳುವ ದೇಶಗಳೂ ಸದಸ್ಯರು. ಬೆಳೆಯುವ ಪ್ರತಿ ದೇಶಕ್ಕೂ ಇಷ್ಟೇ ರಫ್ತು ಮಾಡಬೇಕು ಅಂತ ಕೋಟಾ. ಬೆಲೆ ಕುಸಿದರೆ ಕೋಟಾ ಬಿಗಿ, ಏರಿದರೆ ಸಡಿಲ. 1980ರ ದಶಕದಲ್ಲಿ ಪೌಂಡಿಗೆ 120ರಿಂದ 140 ಸೆಂಟ್ ಒಳಗೆ ಇಡಬೇಕು ಅನ್ನುವುದು ಗುರಿ. ಕಾಗದದ ಮೇಲೆ ಲೆಕ್ಕ ಸರಿ ಇತ್ತು, ನಾನು ಮೇಲೆ ಹೇಳಿದ ಅಂಗಡಿ ಲೆಕ್ಕವೇ ಅದು.

ಈಗ ಒಂದು ದೇಶದ ಜಾಗದಲ್ಲಿ ಕೂತು ನೋಡಿ. ಕೋಟಾ ಮುಗಿದಿದೆ, ಗೋಡೌನಿನಲ್ಲಿ ಇನ್ನೂ ಕಾಫಿ ಇದೆ. ಒಪ್ಪಂದದ ಹೊರಗಿರುವ ದೇಶಕ್ಕೆ ಕೋಟಾ ಇಲ್ಲ, ಅಲ್ಲಿಗೆ ಅಗ್ಗಕ್ಕೆ ತಳ್ಳಬಹುದು. ತಳ್ಳಿದರು. ಹಾಗೆ ಹೊರಗೆ ಹೋದ ಕಾಫಿಯಲ್ಲಿ ಒಂದಷ್ಟು ದಾರಿ ಬದಲಿಸಿ ಮತ್ತೆ ಸದಸ್ಯ ದೇಶಗಳಿಗೇ ಬರುತ್ತಿತ್ತು. ವ್ಯಾಪಾರದವರು ಅದಕ್ಕೆ ಇಟ್ಟ ಹೆಸರು ಟೂರಿಸ್ಟ್ ಕಾಫಿ. ಇನ್ನೊಂದು ಪ್ರಶ್ನೆ, ಅತಿ ದೊಡ್ಡ ಗಿರಾಕಿಯಾದ ಅಮೆರಿಕ ಜಾಸ್ತಿ ಬೆಲೆ ಕೊಡಲು ಒಪ್ಪಿದ್ದಾದರೂ ಯಾಕೆ? ಕ್ಯೂಬಾ ಕಮ್ಯುನಿಸ್ಟ್ ಆದಮೇಲೆ ಲ್ಯಾಟಿನ್ ಅಮೆರಿಕದ ಉಳಿದ ದೇಶಗಳೂ ಆ ಕಡೆ ವಾಲಿಬಿಟ್ಟರೆ ಅನ್ನುವ ಭಯ. ಒಪ್ಪಂದವನ್ನು ಹಿಡಿದಿಟ್ಟಿದ್ದರಲ್ಲಿ ಆ ಭಯದ ಪಾಲು ದೊಡ್ಡದು ಅಂತ ನನ್ನ ಅಭಿಪ್ರಾಯ, ಆದರೆ ಅದು ಯಾವ ಸಮೀಕರಣದಲ್ಲೂ ಇರಲಿಲ್ಲ. ಭಯ ಕರಗಿತು, 1989ರ ಜುಲೈನಲ್ಲಿ ಕೋಟಾ ಬಿದ್ದುಹೋಯಿತು, ಕೆಲವೇ ತಿಂಗಳಲ್ಲಿ ಬೆಲೆ ಹೆಚ್ಚುಕಮ್ಮಿ ಅರ್ಧಕ್ಕೆ ಬಂತು. 2001ರಲ್ಲಿ ಪೌಂಡಿಗೆ 50 ಸೆಂಟ್ ಕೂಡ ಇರಲಿಲ್ಲ. ಕಾಫಿ ಸಂಸ್ಥೆ ಈಗಲೂ ಲಂಡನ್‌ನಲ್ಲಿದೆ. ಅಂಕಿಅಂಶ ಕೊಡುತ್ತದೆ, ಚೆನ್ನಾಗಿಯೇ ಕೊಡುತ್ತದೆ.

ನಮ್ಮಲ್ಲಿ ಆಗ ಕಾಫಿ ಬೋರ್ಡಿನ ಪೂಲ್ ಇತ್ತು. ಬೆಳೆದ ಕಾಫಿಯನ್ನು ಪೂಲಿಗೇ ಕೊಡಬೇಕು, ದುಡ್ಡು ಕಂತಿನಲ್ಲಿ ಬರುತ್ತದೆ. ರಫ್ತಿಗೆ ಸೋವಿಯತ್ ಒಕ್ಕೂಟ ದೊಡ್ಡ ಗಿರಾಕಿ. 1992ರಿಂದ ಬೆಳೆದವರೇ ಮಾರಿಕೊಳ್ಳಲು ಸ್ವಲ್ಪ ಸ್ವಲ್ಪವಾಗಿ ಬಿಟ್ಟು, 1996ರಲ್ಲಿ ಪೂರ್ತಿ ಮುಕ್ತ ಮಾಡಿದರು. ಆ ಕಾಲದ ಬಗ್ಗೆ ದೊಡ್ಡಪ್ಪನನ್ನು ಕೇಳಿದರೆ, "ಪೇಮೆಂಟಿಗೆ ಕಾದೂ ಕಾದೂ ಸಾಕಾಗೋದು ಕಣೋ. ಆದ್ರೆ ಹಿಂಗೆ ಬೆಳಗ್ಗೆದ್ದು ಮೊಬೈಲಲ್ಲಿ ಲಂಡನ್ ನೋಡೋ ಕೆಲ್ಸ ಇರ್ಲಿಲ್ಲ" ಅನ್ನುತ್ತಾರೆ.

ಕೊಟ್ಟ ಮಾತಿಗೆ ನಿಲ್ಲದಿರುವ ಇದೇ ತೊಂದರೆಯನ್ನು ಆರೋಗ್ಯದ ಕಡೆಯವರು ಇನ್ನೊಂದು ತುದಿಯಿಂದ ಹಿಡಿದರು. ಕಾಫಿಯಲ್ಲಿ ಸರಕು ಜಾಸ್ತಿಯಾಗಿ ಬೆಲೆ ಬೀಳುವ ಕಷ್ಟ. ಬಡ ದೇಶಗಳ ಮಕ್ಕಳಿಗೆ ಬೇಕಾದ ಲಸಿಕೆಯಲ್ಲಿ ಸರಕೇ ಬರುವುದಿಲ್ಲ. ಕಂಪನಿಯವನ ಯೋಚನೆ ಸರಳ: ಕೋಟಿಗಟ್ಟಲೆ ಸುರಿದು ಫ್ಯಾಕ್ಟರಿ ಕಟ್ಟಿದ ಮೇಲೆ ಎಲ್ಲರೂ ಸೇರಿ ಚೌಕಾಸಿ ಮಾಡಿ ಬೆಲೆ ಇಳಿಸಿಬಿಟ್ಟರೆ? ಅದಕ್ಕೆ ಕಟ್ಟುವುದೇ ಇಲ್ಲ. ಮಕ್ಕಳ ನ್ಯುಮೋನಿಯಾ ತಡೆಯುವ ನ್ಯುಮೋಕಾಕಲ್ ಲಸಿಕೆಗೆ 2009ರಲ್ಲಿ ಒಂದು ಏರ್ಪಾಡು ಮಾಡಿದರು. ಇಟಲಿ, ಬ್ರಿಟನ್, ಕೆನಡಾ, ರಷ್ಯಾ, ನಾರ್ವೆ ಮತ್ತು ಗೇಟ್ಸ್ ಫೌಂಡೇಶನ್ ಸೇರಿ 150 ಕೋಟಿ ಡಾಲರ್ ಕೊಡುತ್ತೇವೆ ಅಂತ ಬರೆದುಕೊಟ್ಟವು. ಲಸಿಕೆ ಕೊಂಡು ಹಂಚುವ ಕೆಲಸ ಗಾವಿ ಸಂಸ್ಥೆಯದು. ಕಂಪನಿಗೆ ಮೊದಲ ಶೇ. 20ರಷ್ಟು ಡೋಸಿಗೆ ತಲಾ 7 ಡಾಲರ್ ಸಿಗುತ್ತಿತ್ತು, ಅದಕ್ಕೆ ಪ್ರತಿಯಾಗಿ ಆಮೇಲೆ ವರ್ಷಗಟ್ಟಲೆ 3.50 ಡಾಲರ್ ಮೀರದಂತೆ ಕೊಡಬೇಕಿತ್ತು. ಈ ಯೋಚನೆಯ ಹಿಂದಿನ ತಲೆಗಳಲ್ಲಿ ಒಂದು ಮೈಕೆಲ್ ಕ್ರೆಮರ್ ಅವರದು, 2019ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಹಂಚಿಕೊಂಡವರು.

ಇದರಲ್ಲಿ ನನಗೆ ಹಿಡಿಸಿದ್ದು 7 ಡಾಲರ್ ಅನ್ನುವ ಅಂಕಿ ಅಲ್ಲ. ಅದು ಜಾಸ್ತಿಯಾಯಿತಾ, ಕಮ್ಮಿಯಾಯಿತಾ ಅಂತ ಮಾಡೆಲ್ ಮಾಡುವವರು ಇವತ್ತಿಗೂ ಜಗಳ ಆಡುತ್ತಾರೆ. ಲಸಿಕೆ ತಯಾರಿಸಲು ನಿಜವಾಗಿ ಎಷ್ಟು ಖರ್ಚು ಅಂತ ಕಂಪನಿಗಳು ಬಾಯಿ ಬಿಡದೆ ಇರುವಾಗ ಜಗಳ ಮುಗಿಯುವುದಾದರೂ ಹೇಗೆ ಹೇಳಿ. ಹಿಡಿಸಿದ್ದು ಬೇರೆ. ದೇಶಗಳು ಕೊಟ್ಟ ಮಾತನ್ನು ವಿಶ್ವಬ್ಯಾಂಕ್ ತನ್ನ ಲೆಕ್ಕದ ಪುಸ್ತಕಕ್ಕೆ ತೆಗೆದುಕೊಂಡಿತು. ಯಾವುದೋ ದೇಶದಲ್ಲಿ ಸರ್ಕಾರ ಬದಲಾಗಿ ನಾವು ಕೊಡಲ್ಲ ಅಂದರೂ ಕಂಪನಿಯ ದುಡ್ಡು ನಿಲ್ಲಬಾರದು ಅಂತ. ಕಾಫಿ ಒಪ್ಪಂದದಲ್ಲಿ ಹೊರಗೆ ನಡೆಯಲು ಬಾಗಿಲು ತೆರೆದೇ ಇತ್ತು. ಇಲ್ಲಿ ಮೊದಲೇ ಚಿಲಕ ಹಾಕಿದರು. ಬಹಳ ವರ್ಷ ಎರಡೇ ದೊಡ್ಡ ಕಂಪನಿಗಳು ಲಸಿಕೆ ಕೊಟ್ಟವು, ಅದೂ ನಿಜ, ಅದರ ಬಗ್ಗೆ ಬೈಗುಳವೂ ಬಂತು. 2019ರ ಡಿಸೆಂಬರಿನಲ್ಲಿ ಪುಣೆಯ ಸೀರಮ್ ಇನ್‌ಸ್ಟಿಟ್ಯೂಟ್‌ನ ಲಸಿಕೆಗೆ ವಿಶ್ವ ಆರೋಗ್ಯ ಸಂಸ್ಥೆಯ ಒಪ್ಪಿಗೆ ಸಿಕ್ಕಿತು, ಆಮೇಲೆ ಅದು ಡೋಸಿಗೆ 2 ಡಾಲರಿನಂತೆ ಬಂತು.

ಈಗ ದೊಡ್ಡಪ್ಪನ ಮೂಟೆಗೆ ಬರೋಣ. ನಾನು ರೇಟಿನ ಬಗ್ಗೆ ಏನೂ ಹೇಳದೆ, ಸೊಸೈಟಿ ಸಾಲ ಎಷ್ಟಿದೆ, ಯಾವಾಗ ಕಟ್ಟಬೇಕು, ಗೊಬ್ಬರದ ಅಂಗಡಿಯ ಬಾಕಿ ಎಷ್ಟು ಅಂತ ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದರು. ಕೊನೆಗೆ ಬಾಯಿಬಿಟ್ಟರು: ನವೆಂಬರಿನಲ್ಲೇ ಒಬ್ಬ ವ್ಯಾಪಾರಿಯ ಹತ್ತಿರ ಮುಂಗಡ ತಗೊಂಡು, ಇಪ್ಪತ್ತು ಮೂಟೆಯನ್ನು ಇಂತಿಷ್ಟು ರೇಟಿಗೆ ಕೊಡ್ತೀನಿ ಅಂತ ಬಾಯಿಮಾತಲ್ಲಿ ಒಪ್ಪಿದ್ದರಂತೆ. ಈಗಿನ ರೇಟು ಅದಕ್ಕಿಂತ ಬಹಳ ಮೇಲೆ. "ಬರಹ ಇಲ್ಲ, ಏನಿಲ್ಲ. ಕೊಡದಿದ್ರೆ ಅವನೇನು ಮಾಡ್ತಾನೆ?" ಅಂದರು. "ಮುಂದಿನ ನವೆಂಬರಿಗೆ ಮುಂಗಡ ಯಾರ ಹತ್ರ ತಗೊಳ್ತೀರ ದೊಡ್ಡಪ್ಪ?" ಅಂದೆ. ಬೈದುಕೊಂಡೇ ಇಪ್ಪತ್ತು ಮೂಟೆ ಕಳಿಸಿದರು. ಸಾಲಕ್ಕೆ ಅಂತ ಹದಿನೈದು ಮೂಟೆ ಅವತ್ತಿನ ರೇಟಿಗೆ ಮಾರಿದರು. ಇಪ್ಪತ್ತೈದು ಉಳಿಯಿತು.

ಜುಲೈ ಹೊತ್ತಿಗೆ ಲಂಡನ್ 3,500ಕ್ಕಿಂತ ಕೆಳಗೆ ಹೋಗಿತ್ತು. ಆಗಸ್ಟ್ ಮುಗಿಯುವಷ್ಟರಲ್ಲಿ ಮತ್ತೆ 4,500 ದಾಟಿತು. ಎರಡೂ ಸಲ ಫೋನ್ ಬಂತು. ಆಗಸ್ಟಿನಲ್ಲಿ ಮಾತ್ರ ರೇಟಿನ ಮಾತೇ ಇಲ್ಲ. ಮಳೆ ಬಿಟ್ಟಿರಲಿಲ್ಲ, ಗೋಡೌನಿನ ಗೋಡೆಯಲ್ಲಿ ನೀರು ಜಿನುಗುತ್ತಿತ್ತು, ಮೂಟೆಗಳ ಅಡಿಗೆ ಹಲಗೆ ಹಾಕಿಸಬೇಕಿತ್ತು. ಆಳು ಸಿಗ್ತಿಲ್ಲ ಕಣೋ, ಶನಿವಾರ ಬಿಡುವಿದ್ರೆ ಬಂದು ಎತ್ತಿಸೋಕೆ ಒಂದು ಕೈ ಹಾಕ್ತೀಯಾ ಅಂತ ಕೇಳಿದರು.