ಬಡತನವನ್ನು ನಿರ್ಲಕ್ಷ್ಯ ಅಂತ ಬರೆದಾಗ

ಕೆನಡಾದಲ್ಲಿ ಮಕ್ಕಳ ರಕ್ಷಣೆಯ ಕೆಲಸ ಮಾಡುವ ನನ್ನನ್ನು ಊರಿನ ಕಡೆಯವರು ಕೇಳುವುದುಂಟು: ಬಡ ಮಕ್ಕಳಿಗೆ ಒಳ್ಳೆ ಮನೆ ಸಿಕ್ಕಿತಲ್ಲ, ಅದರಲ್ಲೇನು ತಪ್ಪು? ಅವರು ಕೇಳುತ್ತಿರುವುದು ‘ಸಿಕ್ಸ್‌ಟೀಸ್ ಸ್ಕೂಪ್’ ಬಗ್ಗೆ. 1950ರ ದಶಕದಿಂದ 80ರ ದಶಕದವರೆಗೆ ಇಲ್ಲಿನ ಮೂಲನಿವಾಸಿಗಳ ಸುಮಾರು 20 ಸಾವಿರ ಮಕ್ಕಳನ್ನು ಹೆತ್ತವರಿಂದ ಬಿಡಿಸಿ, ಹೆಚ್ಚಾಗಿ ಬಿಳಿಯರ ಮನೆಗಳಿಗೆ ಕೊಟ್ಟರು.

1951ರಲ್ಲಿ ಇಂಡಿಯನ್ ಆಕ್ಟ್, ಅಂದರೆ ಕೆನಡಾದ ಮೂಲನಿವಾಸಿಗಳ ಕುರಿತ ಕೇಂದ್ರ ಕಾನೂನು, ತಿದ್ದುಪಡಿಯಾಯಿತು. ಮಕ್ಕಳ ರಕ್ಷಣೆಯದೂ ಸೇರಿ ಪ್ರಾಂತ್ಯಗಳ ಕಾನೂನು ರಿಸರ್ವ್‌ಗಳಿಗೂ, ಅಂದರೆ ಮೂಲನಿವಾಸಿಗಳಿಗೆ ಮೀಸಲಿಟ್ಟ ಪ್ರದೇಶಗಳಿಗೂ, ಅನ್ವಯಿಸತೊಡಗಿತು. ವಶಕ್ಕೆ ತೆಗೆದುಕೊಂಡ ಮಗುವಿನ ಲೆಕ್ಕದಲ್ಲಿ ಕೇಂದ್ರ ಸರ್ಕಾರ ಪ್ರಾಂತ್ಯಗಳಿಗೆ ದುಡ್ಡು ಕೊಡುತ್ತಿತ್ತು. ಅದೇ ಮಗು ಮನೆಯಲ್ಲೇ ಉಳಿಯಲಿ ಅಂತ ಕುಟುಂಬಕ್ಕೆ ನೆರವಾಗುವುದಕ್ಕೆ ದುಡ್ಡಿರಲಿಲ್ಲ. ಬ್ರಿಟಿಷ್ ಕೊಲಂಬಿಯಾ ಪ್ರಾಂತ್ಯದಲ್ಲಿ 1951ರಲ್ಲಿ ಸರ್ಕಾರದ ವಶದಲ್ಲಿದ್ದ ಮೂಲನಿವಾಸಿ ಮಕ್ಕಳು 29. 1964ರ ಹೊತ್ತಿಗೆ 1,466.

ಮನೆ ಪರಿಶೀಲಿಸಲು ಬಂದ ಮಕ್ಕಳ ರಕ್ಷಣೆಯವರು ಏನು ನೋಡುತ್ತಿದ್ದರು ಗೊತ್ತಾ? ಮಕ್ಕಳಿಗೆ ಬೇರೆ ಬೇರೆ ಹಾಸಿಗೆ ಇದೆಯಾ, ಕಪಾಟಿನಲ್ಲಿ ಅಂಗಡಿ ಸಾಮಾನು ಇದೆಯಾ. ಒಣಗಿಸಿದ ಮೀನು, ಬೇಟೆಯ ಮಾಂಸ, ಕಾಡಿನ ಹಣ್ಣು ಇದ್ದರೂ ಅದು ಊಟ ಅಂತ ಅವರ ಕಣ್ಣಿಗೆ ಕಾಣಲೇ ಇಲ್ಲ. ಮಗು ಅಜ್ಜಿ ಹತ್ತಿರವೋ ಚಿಕ್ಕಮ್ಮನ ಹತ್ತಿರವೋ ಬೆಳೆಯುತ್ತಿದ್ದರೆ ತಾಯಿ ಕೈಬಿಟ್ಟಿದ್ದಾಳೆ ಅಂತ ಬರೆದುಬಿಡುತ್ತಿದ್ದರು. ನಮ್ಮಲ್ಲಿ ಅಜ್ಜಿಮನೆಯಲ್ಲಿ ಬೆಳೆದ ಮಕ್ಕಳಿಗೆ ಯಾರಾದರೂ ಹಾಗೆ ಅಂತಾರಾ? ಇವತ್ತಿಗೂ ಒಂದು ಫೈಲಿನಲ್ಲಿ ‘ನಿರ್ಲಕ್ಷ್ಯ’ ಅಂತ ಕಂಡರೆ, ಅದರ ಕೆಳಗಿನ ವಿವರವನ್ನು ನಾನು ಪೂರ್ತಿ ಓದುತ್ತೇನೆ, ಯಾಕೆಂದರೆ ಎಷ್ಟೋ ಸಲ ಅಲ್ಲಿರುವುದು ಬರೀ ಬಡತನ, ಇಕ್ಕಟ್ಟಾದ ಮನೆ, ಇಲ್ಲವೇ ಎರಡು ಪಾಳಿ ದುಡಿಯುವ ತಾಯಿ.

ಸಸ್ಕಾಚೆವಾನ್ ಪ್ರಾಂತ್ಯ 1967ರಲ್ಲಿ ಈ ಮಕ್ಕಳ ಫೋಟೊಗಳನ್ನು ಪತ್ರಿಕೆಯಲ್ಲಿ, ಟಿವಿಯಲ್ಲಿ ಜಾಹೀರಾತು ಹಾಕಿ ದತ್ತು ಪೋಷಕರನ್ನು ಹುಡುಕಿತು. ಮ್ಯಾನಿಟೋಬಾ ಪ್ರಾಂತ್ಯದಿಂದ ಎಷ್ಟೋ ಮಕ್ಕಳು ಗಡಿ ದಾಟಿ ಅಮೆರಿಕಕ್ಕೆ ಹೋದರು. ನ್ಯಾಯಾಧೀಶ ಎಡ್ವಿನ್ ಕಿಮೆಲ್ಮನ್ ಅಲ್ಲಿನ ಫೈಲುಗಳನ್ನು ತೆಗೆಸಿ ನೋಡಿ, 1985ರ ವರದಿಯಲ್ಲಿ ಇದನ್ನು ಸಾಂಸ್ಕೃತಿಕ ನರಮೇಧ ಅಂತಲೇ ಕರೆದರು.

ದತ್ತು ಪಡೆದವರಲ್ಲಿ ಪ್ರೀತಿಯಿಂದ ಸಾಕಿದವರು ಇದ್ದರು, ಇಲ್ಲ ಅನ್ನುವುದಿಲ್ಲ. ಆದರೆ ಹೆಸರು ಬದಲಾಯಿತು, ಅಣ್ಣತಂಗಿಯರು ಬೇರೆ ಬೇರೆ ಊರಿನ ಪಾಲಾದರು, ದಾಖಲೆಗೆ ಬೀಗ ಬಿತ್ತು. ದೊಡ್ಡವರಾಗಿ ತಾಯಿಯನ್ನು ಹುಡುಕಿ ಹೋದರೆ ಮಾತಾಡಲು ಅವಳ ಭಾಷೆಯೂ ಬಾರದು. ಆ ಮನೆ ಎಷ್ಟೇ ಒಳ್ಳೆಯದಿರಲಿ, ಇದನ್ನು ತುಂಬಿಕೊಡುವುದು ಹೇಗೆ?

2017ರಲ್ಲಿ ಒಂಟಾರಿಯೊ ಕೋರ್ಟು ತಪ್ಪು ಕೇಂದ್ರ ಸರ್ಕಾರದ್ದು ಅಂದಿತು. ಆಮೇಲಿನ ಒಪ್ಪಂದದಲ್ಲಿ ಅರ್ಹರಿಗೆ ತಲಾ 25 ಸಾವಿರ ಡಾಲರ್ ಸಿಕ್ಕಿತು, ಆದರೆ ಮೂಲನಿವಾಸಿ ಮತ್ತು ಯುರೋಪಿಯನ್ ಎರಡೂ ಮೂಲವಿರುವ ಮೇಟಿ ಸಮುದಾಯದವರನ್ನು ಹೊರಗಿಟ್ಟರು. ಇದು ನನಗೆ ಇವತ್ತಿಗೂ ಅನ್ಯಾಯ ಅನ್ನಿಸುತ್ತದೆ.

ಮುಗಿದ ಕಥೆಯೂ ಅಲ್ಲ ಇದು. 2021ರ ಜನಗಣತಿಯಲ್ಲಿ 15ರೊಳಗಿನ ಮಕ್ಕಳಲ್ಲಿ ಮೂಲನಿವಾಸಿಗಳು ಶೇ 7.7, ಆದರೆ ಸಾಕುಮನೆಗಳಲ್ಲಿದ್ದ ಆ ವಯಸ್ಸಿನ ಮಕ್ಕಳಲ್ಲಿ ಅವರೇ ಶೇ 53.8. ಬರೀ ಬಡತನ, ಬರೀ ಮನೆಯ ಕೊರತೆ ಕಾರಣಕ್ಕೆ ಮೂಲನಿವಾಸಿ ಮಗುವನ್ನು ತೆಗೆಯುವಂತಿಲ್ಲ ಅಂತ 2020ರ ಜನವರಿಯಲ್ಲಿ ಜಾರಿಗೆ ಬಂದ ಕೇಂದ್ರ ಕಾನೂನು ಹೇಳುತ್ತದೆ. ತೆಗೆಯಲೇಬೇಕಾದರೂ ಮೊದಲು ಸ್ವಂತ ಕುಟುಂಬ, ಆಮೇಲೆ ಅವರದೇ ಸಮುದಾಯ. ಹಾಗಾಗಿ ಹೊಸದಾಗಿ ಈ ಕೆಲಸಕ್ಕೆ ಬಂದವರಿಗೆ ನಾನು ಹೇಳುವುದು ಇಷ್ಟೇ: ಮನೆಯ ಕೋಣೆ ಎಣಿಸುವ ಮೊದಲು ಆ ಮಗುವಿನ ಅಜ್ಜಿ, ಅತ್ತೆ, ಮಾವಂದಿರ ಹೆಸರು, ಫೋನ್ ನಂಬರ್ ಕೇಳಿ ಬರೆದುಕೊಳ್ಳಿ, ಅವತ್ತೇ ಫೋನ್ ಮಾಡಿ.